ಜಾನ್ ಮೋಸಸ್ ಬ್ರೌನಿಂಗ್

ಜಾನ್ ಮೋಸಸ್ ಬ್ರೌನಿಂಗ್ (ಜನವರಿ 23, 1855 – ನವೆಂಬರ್ 26, 1926) ಅಮೆರಿಕದ ಬಂದೂಕು ವಿನ್ಯಾಸಕ. ಯೂಟಾ ಪ್ರಾಂತ್ಯದ ಆಗ್ಡೆನ್ ಪಟ್ಟಣದವ. ಲಿವರ್ ಆಕ್ಷನ್ ರೈಫಲ್, ಪಂಪ್ ಬಂದೂಕು, ಸ್ವಯಂಚಾಲಿತ ಪಿಸ್ತೂಲು, ಮೆಷಿನ್ ಗನ್ ಹೀಗೆ ಸಣ್ಣ ಶಸ್ತ್ರಗಳ ಬಹುತೇಕ ಎಲ್ಲ ಬಗೆಗಳಲ್ಲೂ ಹೊಸ ಯಂತ್ರರಚನೆಗಳನ್ನು ರೂಪಿಸಿ 128 ಪೇಟೆಂಟ್‌ಗಳನ್ನು ಪಡೆದ. ಸೈನಿಕ ಶಸ್ತ್ರಗಳಿಂದ ಈತನ ಹೆಸರು ಜಗತ್ತಿಗೆ ಪರಿಚಿತವಾದರೂ, ಜನಸಾಮಾನ್ಯರ ಮನೆಗಳನ್ನು ಹೆಚ್ಚಾಗಿ ಸೇರಿದ್ದು ವಿಂಚೆಸ್ಟರ್ ಕಂಪನಿಗಾಗಿ ಈತ ರೂಪಿಸಿದ ಲಿವರ್ ಆಕ್ಷನ್ ರೈಫಲ್‌ಗಳು. ಕಪ್ಪು ಮದ್ದು ಮತ್ತು ಸೀಸದ ಗುಂಡುಗಳ ಕಾಲ ಮುಗಿದು ಹೊಗೆರಹಿತ ಮದ್ದು ಮತ್ತು ಲೋಹದ ಹೊದಿಕೆಯ ಗುಂಡುಗಳ ಕಾಲ ಆರಂಭವಾದ ಹೊತ್ತಿನಲ್ಲಿ ಹುಟ್ಟಿದ ಈ ರೈಫಲ್‌ಗಳು ಎರಡೂ ಕಾಲಗಳಿಗೆ ಸಲ್ಲುತ್ತವೆ. ಇಂದಿಗೂ ಇವು ಬಳಸಿದ ಬಂದೂಕುಗಳ ಮಾರುಕಟ್ಟೆಯಲ್ಲಿ ಕೈ ಬದಲಾಯಿಸುತ್ತಿದ್ದು, ಮನೆಯಲ್ಲೇ ಸೀಸದ ಗುಂಡು ಎರಕ ಹೊಯ್ಯುವ ಹವ್ಯಾಸಿಗಳಿಗೆ ಪ್ರಿಯವಾಗಿವೆ.

ಮನೆತನ ಮತ್ತು ಬಾಲ್ಯ

ಜಾನ್‌ನ ತಂದೆ ಜೊನಾಥನ್ ಬ್ರೌನಿಂಗ್ (1805–1879) ಟೆನೆಸಿಯಲ್ಲಿ ಹುಟ್ಟಿ ಬಂದೂಕು ಕಸುಬನ್ನು ಕಲಿತವ. ಹಲವು ಕುಳಿಗಳಿರುವ ಕಬ್ಬಿಣದ ಪಟ್ಟಿಯೊಂದನ್ನು ಅಡ್ಡಲಾಗಿ ಸರಿಸುತ್ತ ಒಂದಾದ ಮೇಲೊಂದು ಗುಂಡು ಹಾರಿಸಬಲ್ಲ ರೈಫಲನ್ನು ಆತ ತಯಾರಿಸಿದ್ದ. ಇಲಿನಾಯ್‌ನಲ್ಲಿದ್ದಾಗ ಮಾರ್ಮನ್ ಧರ್ಮವನ್ನು ಸ್ವೀಕರಿಸಿದ ಜೊನಾಥನ್, ಆ ಸಮುದಾಯದ ವಲಸೆಯೊಡನೆ ಪಶ್ಚಿಮಕ್ಕೆ ಸಾಗಿ 1852ರಲ್ಲಿ ಯೂಟಾ ತಲುಪಿ ಆಗ್ಡೆನ್‌ನಲ್ಲಿ ನೆಲೆಸಿದ. ಮೂವರು ಪತ್ನಿಯರಿಂದ ಆತನಿಗೆ 22 ಮಕ್ಕಳಾದರು. ಜಾನ್ ಎರಡನೆಯ ಪತ್ನಿ ಎಲಿಜಬೆತ್ ಕ್ಯಾರೊಲಿನ್ ಕ್ಲಾರ್ಕ್‌ಳ ಮಗ.

ಜಾನ್‌ನ ಶಾಲಾಶಿಕ್ಷಣ ಅಲ್ಪ. ಕಲಿಕೆಯೆಲ್ಲ ತಂದೆಯ ಕಾರ್ಯಾಗಾರದಲ್ಲೇ ನಡೆಯಿತು. ಅಲ್ಲಿಗೆ ಬರುತ್ತಿದ್ದವು ಹೆಚ್ಚಾಗಿ ಹಳೆಯ ಬಂದೂಕುಗಳು. ಮುರಿದ ಕುದುರೆ, ಸವೆದ ಕೀಲು, ಸೀಳಿದ ಮರದ ಹಿಡಿ ಇವುಗಳನ್ನು ಸರಿಪಡಿಸುವುದು ದಿನನಿತ್ಯದ ಕೆಲಸ. 1869ರಲ್ಲಿ ಖಂಡವನ್ನು ದಾಟುವ ರೈಲುಮಾರ್ಗ ಯೂಟಾದಲ್ಲಿ ಜೋಡಣೆಗೊಂಡು ಆಗ್ಡೆನ್ ರೈಲು ಜಂಕ್ಷನ್ ಆದಾಗ, ಬೇರೆ ಬೇರೆ ಕಾರ್ಖಾನೆಗಳ ಬಂದೂಕುಗಳು ದುರಸ್ತಿಗೆ ಬರತೊಡಗಿದವು. ಯಾವ ಭಾಗ ಮೊದಲು ಸವೆಯುತ್ತದೆ, ಯಾವ ತಿರುಪು ಸಡಿಲಗೊಳ್ಳುತ್ತದೆ, ಧೂಳು ಮತ್ತು ಚಳಿಯಲ್ಲಿ ಯಾವ ರಚನೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಜಾನ್ ಹೀಗೆ ಕಣ್ಣಾರೆ ಕಂಡು ಅರಿತ. ಇನ್ನೂ ಬಾಲಕನಾಗಿದ್ದಾಗಲೇ ಮೂಲೆಗೆ ಬಿದ್ದಿದ್ದ ಹಳೆಯ ಭಾಗಗಳಿಂದ ಬಂದೂಕೊಂದನ್ನು ತಾನೇ ಜೋಡಿಸಿದ್ದ.

ಮೊದಲ ಪೇಟೆಂಟ್ ಮತ್ತು ಬಳಸಿದ ರೈಫಲ್‌ನ ಪ್ರಸಂಗ

1878ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಜಾನ್ ಹಿಂಬದಿಯಿಂದ ತೋಟಾ ತುಂಬುವ ಏಕಗುಂಡಿನ ರೈಫಲೊಂದನ್ನು ರೂಪಿಸಿದ. ಮರುವರ್ಷ ಅಕ್ಟೋಬರ್ 7ರಂದು ಅದಕ್ಕೆ ಪೇಟೆಂಟ್ ದೊರೆಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ರೇಚಲ್ ತೆರೇಸಾ ಚೈಲ್ಡ್‌ಳನ್ನು ವಿವಾಹವಾಗಿದ್ದ. ಜೂನ್‌ನಲ್ಲಿ ತಂದೆ ತೀರಿಕೊಂಡ. ಮನೆಯ ಹೊಣೆಯೊಂದಿಗೆ ಕಾರ್ಯಾಗಾರದ ಹೊಣೆಯೂ ಜಾನ್ ಮತ್ತು ಸಹೋದರರ ಮೇಲೆ ಬಿತ್ತು. ತಮ್ಮ ಮ್ಯಾಥ್ಯೂ ವ್ಯವಹಾರವನ್ನು ನೋಡಿಕೊಂಡ. ಎಡ್, ಸ್ಯಾಮ್, ಜಾರ್ಜ್ ಎಂಬ ಮಲಸಹೋದರರು ಯಂತ್ರಗಳ ಮುಂದೆ ನಿಂತರು. ಸೀಮಿತ ಸಲಕರಣೆಗಳಿಂದಲೇ ಸಹೋದರರು ಸುಮಾರು 600 ಏಕಗುಂಡಿನ ರೈಫಲ್‌ಗಳನ್ನು ತಯಾರಿಸಿ ಮಾರಿದರು.

1883ರಲ್ಲಿ ವಿಂಚೆಸ್ಟರ್ ರಿಪೀಟಿಂಗ್ ಆರ್ಮ್ಸ್ ಕಂಪನಿಯ ಮಾರಾಟ ಪ್ರತಿನಿಧಿಯೊಬ್ಬನಿಗೆ ತನ್ನ ಪ್ರವಾಸದಲ್ಲಿ ಅಪರಿಚಿತ ಮುದ್ರೆಯ ಬಳಸಿದ ರೈಫಲೊಂದು ಸಿಕ್ಕಿತು. ಅದರ ರಚನೆಯನ್ನು ಮೆಚ್ಚಿದ ಆತ ಅದನ್ನು ಕೊಂಡು ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿದ್ದ ಕಾರ್ಖಾನೆಗೆ ಕಳುಹಿಸಿದ. ದೊಡ್ಡ ತೋಟಾಗಳನ್ನು ತಾಳಬಲ್ಲ ಏಕಗುಂಡಿನ ರೈಫಲ್ ವಿಂಚೆಸ್ಟರ್ ಬಳಿ ಆಗ ಇರಲಿಲ್ಲ. ಕಂಪನಿಯ ಹಿರಿಯ ಅಧಿಕಾರಿ ಟಿ. ಜಿ. ಬೆನೆಟ್ ಸ್ವತಃ ರೈಲು ಹತ್ತಿ ಆಗ್ಡೆನ್‌ಗೆ ಬಂದು 8,000 ಡಾಲರ್‌ಗಳಿಗೆ ಆ ವಿನ್ಯಾಸದ ಹಕ್ಕನ್ನು ಖರೀದಿಸಿದ. ಅದು 1885ನೆಯ ಮಾದರಿಯಾಗಿ ಮಾರುಕಟ್ಟೆಗೆ ಬಂತು. ಯಾರದೋ ಕೈಯಲ್ಲಿ ಬಳಕೆಯಾಗಿ ಮಾರಾಟಕ್ಕೆ ಬಂದಿದ್ದ ಒಂದು ರೈಫಲ್ ಬ್ರೌನಿಂಗ್ ಮತ್ತು ವಿಂಚೆಸ್ಟರ್‌ಗಳ ಸುಮಾರು ಎರಡು ದಶಕಗಳ ಸಂಬಂಧಕ್ಕೆ ನಾಂದಿಯಾಯಿತು.

ಲಿವರ್ ಆಕ್ಷನ್ ರೈಫಲ್‌ಗಳು

ಲಿವರ್ ಆಕ್ಷನ್ ರೈಫಲ್‌ನಲ್ಲಿ ಕುದುರೆಯ ಸುತ್ತಲಿನ ಲೋಹದ ಬಳೆಯೇ ಸನ್ನೆಯಾಗಿ ಕೆಲಸ ಮಾಡುತ್ತದೆ. ಅದನ್ನು ಕೆಳಗೆ ತಳ್ಳಿದಾಗ ಖಾಲಿ ತೋಟಾ ಹೊರಬೀಳುತ್ತದೆ, ಹೊಡೆಗುಂಡಿ ಹಿಂದಕ್ಕೆ ಸರಿದು ನಿಲ್ಲುತ್ತದೆ. ಮೇಲೆತ್ತಿದಾಗ ಹೊಸ ತೋಟಾ ನಳಿಗೆಯನ್ನು ಸೇರಿ ಬಾಗಿಲು ಬಿಗಿಯುತ್ತದೆ. ವಿಂಚೆಸ್ಟರ್‌ನ 1873ನೆಯ ಮಾದರಿಯಲ್ಲಿ ಈ ಬಾಗಿಲನ್ನು ಮಡಚುವ ಕೊಂಡಿಗಳು ಹಿಡಿದಿಡುತ್ತಿದ್ದವು. ಪಿಸ್ತೂಲಿನ ಅಳತೆಯ ತೋಟಾಗಳಿಗೆ ಇದು ಸಾಕಾಗಿದ್ದರೂ, ಸೈನ್ಯದ .45-70ರಂತಹ ಉದ್ದನೆಯ, ಬಲವಾದ ತೋಟಾಗಳಿಗೆ ಒಗ್ಗುತ್ತಿರಲಿಲ್ಲ.

ಬ್ರೌನಿಂಗ್ ಕೊಂಡಿಗಳನ್ನು ಕೈಬಿಟ್ಟು, ಬಾಗಿಲಿನ ಎರಡೂ ಪಕ್ಕಗಳಲ್ಲಿ ಲಂಬವಾಗಿ ಮೇಲೇರುವ ಉಕ್ಕಿನ ಅಗುಳಿಗಳನ್ನು ಅಳವಡಿಸಿದ. ವಿಂಚೆಸ್ಟರ್‌ನ ವಿಲಿಯಂ ಮೇಸನ್ ಇದಕ್ಕೆ ಕೆಲವು ಸುಧಾರಣೆಗಳನ್ನು ಮಾಡಿದ. ಹೀಗೆ ರೂಪುಗೊಂಡದ್ದು 1886ನೆಯ ಮಾದರಿ. ಇದು .45-70, .45-90, .40-82 ಮುಂತಾದ ಕಪ್ಪು ಮದ್ದಿನ ತೋಟಾಗಳನ್ನು ಸುಲಭವಾಗಿ ತಾಳುತ್ತಿತ್ತು. ಇದೇ ರಚನೆಯನ್ನು ಚಿಕ್ಕದಾಗಿಸಿ .44-40, .38-40, .32-20 ತೋಟಾಗಳಿಗೆ ಹೊಂದಿಸಿದಾಗ 1892ನೆಯ ಮಾದರಿ ದೊರೆಯಿತು. ಬೆನೆಟ್ ಕೇಳಿದ್ದಕ್ಕಿಂತ ಬಹಳ ಬೇಗ, ಒಂದು ತಿಂಗಳೊಳಗೆ, ಬ್ರೌನಿಂಗ್ ಇದರ ಮಾದರಿಯನ್ನು ಒಪ್ಪಿಸಿದನೆಂಬ ವೃತ್ತಾಂತ ಪ್ರಸಿದ್ಧವಾಗಿದೆ. ಈ ರೈಫಲ್ ಹತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು.

1894ನೆಯ ಮಾದರಿಯ ಪೇಟೆಂಟ್ ಆ ವರ್ಷದ ಆಗಸ್ಟ್ 21ರಂದು ಮಂಜೂರಾಯಿತು. ಇದರಲ್ಲಿ ಬಾಗಿಲಿನ ಹಿಂದೆ ಒಂದೇ ಅಗುಳಿ ಮೇಲೆದ್ದು ನಿಲ್ಲುತ್ತದೆ. ಸನ್ನೆಯನ್ನು ತೆರೆದಾಗ ರೈಫಲ್‌ನ ತಳವೂ ಕೆಳಗಿಳಿಯುವುದರಿಂದ, ತೆಳುವಾದ ಮೈಯಲ್ಲೇ ಉದ್ದನೆಯ ತೋಟಾಕ್ಕೆ ಜಾಗ ದೊರೆಯುತ್ತದೆ. ಕುದುರೆಯ ಜೀನಿನ ಪಕ್ಕದ ಚೀಲದಲ್ಲಿ ಸುಲಭವಾಗಿ ಕೂರುವ ಈ ಹಗುರ ರೈಫಲ್ ರೈತರು, ದನಗಾಹಿಗಳು, ಬೇಟೆಗಾರರ ನಡುವೆ ಬಹುಬೇಗ ಹರಡಿತು. ಹತ್ತು ಲಕ್ಷದ ರೈಫಲನ್ನು 1927ರಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್‌ಗೆ ಕೊಡುಗೆಯಾಗಿ ನೀಡಲಾಯಿತು. 2006ರಲ್ಲಿ ನ್ಯೂ ಹೇವನ್ ಕಾರ್ಖಾನೆ ಮುಚ್ಚುವ ಹೊತ್ತಿಗೆ ತಯಾರಾದ ಸಂಖ್ಯೆ 70 ಲಕ್ಷವನ್ನು ಮೀರಿತ್ತು.

1895ನೆಯ ಮಾದರಿಯಲ್ಲಿ ಬ್ರೌನಿಂಗ್ ನಳಿಗೆಯ ಕೆಳಗಿನ ಕೊಳವೆಯ ಬದಲು ಪೆಟ್ಟಿಗೆಯಾಕಾರದ ಮ್ಯಾಗಝೀನನ್ನು ಬಳಸಿದ. ತೋಟಾಗಳು ಒಂದರ ಮೇಲೊಂದು ಕೂರುವುದರಿಂದ ಚೂಪು ಮೊನೆಯ ಗುಂಡುಗಳನ್ನೂ ಅಪಾಯವಿಲ್ಲದೆ ಬಳಸಬಹುದಾಯಿತು. ಥಿಯೊಡೋರ್ ರೂಸ್‌ವೆಲ್ಟ್ 1909ರ ಆಫ್ರಿಕಾ ಪ್ರವಾಸಕ್ಕೆ ಈ ಮಾದರಿಯ ರೈಫಲನ್ನು ಕೊಂಡೊಯ್ದಿದ್ದ. ಮೊದಲನೆಯ ಮಹಾಯುದ್ಧದಲ್ಲಿ ರಷ್ಯಾ ತನ್ನ ಸೈನ್ಯಕ್ಕಾಗಿ ಸುಮಾರು 2,94,000 ರೈಫಲ್‌ಗಳನ್ನು ತರಿಸಿಕೊಂಡಿತು.

ಸೀಸದ ಗುಂಡಿನಿಂದ ಹೊದಿಕೆಯ ಗುಂಡಿಗೆ

ಕಪ್ಪು ಮದ್ದಿನ ಕಾಲದಲ್ಲಿ ಗುಂಡು ಎಂದರೆ ಸೀಸ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಒಲೆಯ ಬೆಂಕಿಯಲ್ಲಿ ಕಾಯಿಸಿ ಅಚ್ಚಿಗೆ ಹೊಯ್ಯಬಹುದಾಗಿತ್ತು. ಪೇಟೆಯಿಂದ ದೂರವಿದ್ದ ಪಶ್ಚಿಮದ ನಿವಾಸಿಗಳು ಹಿತ್ತಾಳೆಯ ಖಾಲಿ ತೋಟಾಗಳನ್ನು ಜೋಪಾನವಾಗಿ ಎತ್ತಿಟ್ಟುಕೊಂಡು ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದರು. ವಿಂಚೆಸ್ಟರ್ ಕಂಪನಿಯೇ ಗುಂಡಿನ ಅಚ್ಚುಗಳನ್ನೂ ತೋಟಾ ತುಂಬುವ ಕೈಸಲಕರಣೆಗಳನ್ನೂ ಮಾರುತ್ತಿತ್ತು. ಬ್ರೌನಿಂಗ್ ವಿನ್ಯಾಸದ 1886 ಮತ್ತು 1892ರ ಮಾದರಿಗಳು ಇಂತಹ ಬಳಕೆಗೇ ಹುಟ್ಟಿದವು. 1894ನೆಯ ಮಾದರಿಯೂ ಮೊದಲು ಬಂದದ್ದು .32-40 ಮತ್ತು .38-55 ಎಂಬ ಕಪ್ಪು ಮದ್ದಿನ ತೋಟಾಗಳಿಗೆ.

1895ರಲ್ಲಿ ಈ ಸ್ಥಿತಿ ಬದಲಾಯಿತು. ಹೊಗೆರಹಿತ ಮದ್ದಿಗಾಗಿ ನಿಕಲ್ ಮಿಶ್ರಿತ ಉಕ್ಕಿನ ನಳಿಗೆಗಳು ಸಿದ್ಧವಾದವು; .30 ವಿಂಚೆಸ್ಟರ್, ಅಂದರೆ ಮುಂದೆ .30-30 ಎಂದು ಹೆಸರಾದ ತೋಟಾ, 1894ನೆಯ ಮಾದರಿಯಲ್ಲಿ ಮಾರಾಟಕ್ಕೆ ಬಂತು. ಹೊಸ ಮದ್ದಿನ ವೇಗಕ್ಕೆ ಬರಿಯ ಸೀಸ ತಾಳಲಾರದು. ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿಯಲಾರದೆ ಅದು ಜಾರುತ್ತದೆ; ಬಿಸಿ ಅನಿಲ ಗುಂಡಿನ ಅಂಚನ್ನು ಕೊರೆದು ಸೀಸವನ್ನು ನಳಿಗೆಗೆ ಮೆತ್ತುತ್ತದೆ. ಆದ್ದರಿಂದ ಹೊಸ ಗುಂಡುಗಳಿಗೆ ಗಟ್ಟಿ ಲೋಹದ ಹೊದಿಕೆ ಬಂತು. ಆದರೆ ಹೊದಿಕೆಯ ಗುಂಡನ್ನು ಒಲೆಯ ಮುಂದೆ ಕುಳಿತು ತಯಾರಿಸುವಂತಿರಲಿಲ್ಲ. ತನ್ನ ರೈಫಲ್‌ಗೆ ತಾನೇ ಗುಂಡು ಹೊಯ್ದುಕೊಳ್ಳುತ್ತಿದ್ದ ಮನುಷ್ಯ ಅಂಗಡಿಯನ್ನು ಅವಲಂಬಿಸಬೇಕಾಯಿತು.

ಈ ಬಳಕೆದಾರರನ್ನು ಕಂಪನಿ ಪೂರ್ತಿ ಕೈಬಿಡಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಅದೇ 1894ನೆಯ ಮಾದರಿಗೆ .32 ವಿಂಚೆಸ್ಟರ್ ಸ್ಪೆಷಲ್ ಎಂಬ ತೋಟಾವನ್ನು ತಂದಿತು. .30-30 ನಳಿಗೆಯಲ್ಲಿ ಸುರುಳಿ ಗೀರುಗಳು 12 ಅಂಗುಲಕ್ಕೆ ಒಂದು ಸುತ್ತು ಹಾಕಿದರೆ, .32 ಸ್ಪೆಷಲ್‌ನಲ್ಲಿ 16 ಅಂಗುಲಕ್ಕೆ ಒಂದು ಸುತ್ತು. ಕಪ್ಪು ಮದ್ದು ಮತ್ತು ಸೀಸದ ಗುಂಡುಗಳನ್ನು ತಾವೇ ತುಂಬಿಕೊಳ್ಳುವವರಿಗೆ ಈ ನಿಧಾನ ತಿರುವು ಹೆಚ್ಚು ಅನುಕೂಲವಾಗಿತ್ತು.

ಧರ್ಮಪ್ರಚಾರ ಮತ್ತು ಅನಿಲಶಕ್ತಿಯ ಪ್ರಯೋಗ

1887ರಿಂದ ಎರಡು ವರ್ಷಗಳ ಕಾಲ ಬ್ರೌನಿಂಗ್ ತನ್ನ ಚರ್ಚ್‌ನ ಪ್ರಚಾರಕನಾಗಿ ಜಾರ್ಜಿಯಾ ರಾಜ್ಯದಲ್ಲಿ ಸಂಚರಿಸಿದ. ಮರಳಿದ ಮೇಲೆ, 1889ರಲ್ಲಿ, ಬಂದೂಕು ಹಾರಿದಾಗ ನಳಿಗೆಯ ಬಾಯಿಯಿಂದ ಹೊಮ್ಮುವ ಗಾಳಿಗೆ ಎದುರಿನ ಜೊಂಡು ಬಾಗುವುದನ್ನು ಗಮನಿಸಿದ. ವ್ಯರ್ಥವಾಗುತ್ತಿರುವ ಆ ಶಕ್ತಿಯಿಂದ ಬಂದೂಕನ್ನೇ ನಡೆಸಬಹುದೆಂದು ಆತನಿಗೆ ಹೊಳೆಯಿತು. ಪ್ರಯೋಗಕ್ಕೆ ಆರಿಸಿಕೊಂಡದ್ದು 1873ನೆಯ ಮಾದರಿಯ ಲಿವರ್ ಆಕ್ಷನ್ ರೈಫಲನ್ನು. ನಳಿಗೆಯ ಬಾಯಿಯ ಮುಂದೆ ರಂಧ್ರವಿರುವ ಲೋಹದ ತುಣುಕನ್ನು ಇಟ್ಟು, ಅದನ್ನು ಸರಳೊಂದರ ಮೂಲಕ ಸನ್ನೆಗೆ ಜೋಡಿಸಿದ. ಗುಂಡು ಹಾರಿದೊಡನೆ ಅನಿಲ ಆ ತುಣುಕನ್ನು ತಳ್ಳಿ ಸನ್ನೆಯನ್ನು ತಾನಾಗಿಯೇ ತೆರೆಯಿತು. ಈ ತತ್ತ್ವದ ಮೇಲೆ ಕೋಲ್ಟ್ ಕಂಪನಿ ತಯಾರಿಸಿದ ಮೆಷಿನ್ ಗನ್ 1895ರಲ್ಲಿ ಬಂತು.

ವಿಂಚೆಸ್ಟರ್‌ನಿಂದ ಬೇರ್ಪಡೆ

ವಿಂಚೆಸ್ಟರ್ ಬ್ರೌನಿಂಗ್‌ನಿಂದ ಒಟ್ಟು 44 ವಿನ್ಯಾಸಗಳನ್ನು ಖರೀದಿಸಿತು. ಇವುಗಳಲ್ಲಿ ಉತ್ಪಾದನೆಗೆ ಹೋದವು ಕೆಲವೇ. ಉಳಿದವನ್ನು ಪ್ರತಿಸ್ಪರ್ಧಿಗಳ ಕೈಗೆ ಸಿಗದಂತೆ ಕಂಪನಿ ತನ್ನಲ್ಲೇ ಇರಿಸಿಕೊಂಡಿತು. ಪ್ರತಿ ವಿನ್ಯಾಸಕ್ಕೂ ಇಡಿಗಂಟಿನ ಹಣ ನೀಡಲಾಗುತ್ತಿತ್ತು. ಲಕ್ಷಗಟ್ಟಲೆ ಮಾರಾಟವಾದ ರೈಫಲ್‌ಗಳಿಂದ ವಿನ್ಯಾಸಕನಿಗೆ ಬೇರೆ ಪಾಲು ಇರಲಿಲ್ಲ.

ಗುಂಡಿನ ಹಿಮ್ಮೆಟ್ಟುವಿಕೆಯಿಂದ ನಡೆಯುವ ಸ್ವಯಂಚಾಲಿತ ಷಾಟ್‌ಗನ್ ಸಿದ್ಧವಾದಾಗ ಬ್ರೌನಿಂಗ್ ಮಾರಾಟದ ಮೇಲೆ ರಾಯಲ್ಟಿ ಕೇಳಿದ. ಬೆನೆಟ್ ಒಪ್ಪಲಿಲ್ಲ, ಸಂಬಂಧ ಅಲ್ಲಿಗೆ ಮುರಿಯಿತು. ಬ್ರೌನಿಂಗ್ ರೆಮಿಂಗ್ಟನ್ ಕಂಪನಿಯ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಯನ್ನು ಕಾಣಲು ಹೋದ. ಭೇಟಿ ನಿಗದಿಯಾಗಿದ್ದ ದಿನವೇ, 1902ರ ಜನವರಿ 8ರಂದು, ಹಾರ್ಟ್ಲಿ ಹೃದಯಾಘಾತದಿಂದ ನಿಧನನಾದ. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೋಗಿ, ಈಗಾಗಲೇ ತನ್ನ ಪಿಸ್ತೂಲನ್ನು ತಯಾರಿಸುತ್ತಿದ್ದ ಎಫ್.ಎನ್. ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಆಟೊ-5 ಎಂದು ಹೆಸರಾದ ಆ ಷಾಟ್‌ಗನ್ ದೊಡ್ಡ ಯಶಸ್ಸು ಗಳಿಸಿತು.

ಸೈನಿಕ ಶಸ್ತ್ರಗಳು

ಬ್ರೌನಿಂಗ್‌ನ .45 ಪಿಸ್ತೂಲನ್ನು ಅಮೆರಿಕದ ಸೈನ್ಯ 1911ರ ಮಾರ್ಚ್‌ನಲ್ಲಿ ಅಂಗೀಕರಿಸಿ ಏಳು ದಶಕಗಳಿಗೂ ಹೆಚ್ಚು ಕಾಲ ಬಳಸಿತು. 1917ನೆಯ ಮಾದರಿಯ ಮೆಷಿನ್ ಗನ್, 1918ರ ಸ್ವಯಂಚಾಲಿತ ರೈಫಲ್, .50 ಅಳತೆಯ ಭಾರಿ ಮೆಷಿನ್ ಗನ್ ಇವೂ ಈತನ ವಿನ್ಯಾಸಗಳೇ. ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ, ರಾಯಲ್ಟಿಯಿಂದ ಬರಬಹುದಾಗಿದ್ದ ಹಣಕ್ಕಿಂತ ಬಹಳ ಕಡಿಮೆ ಮೊತ್ತಕ್ಕೆ ಈತ ತನ್ನ ಹಕ್ಕುಗಳನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡನನ್ನು ಕೊಂದದ್ದೂ ಈತನ ವಿನ್ಯಾಸದ ಎಫ್.ಎನ್. ಪಿಸ್ತೂಲು, ಮಹಾಯುದ್ಧಕ್ಕೆ ತತ್‌ಕ್ಷಣದ ಕಾರಣವಾದದ್ದು ಆ ಹತ್ಯೆ. ಕೃಷಿಕರ ಮನೆಗಳಿಗೆ ರೈಫಲ್ ಒದಗಿಸಿದ ಅದೇ ಕೈ ಯುದ್ಧಭೂಮಿಯ ಅತಿ ಮಾರಕ ಶಸ್ತ್ರಗಳನ್ನೂ ರೂಪಿಸಿತು ಎಂಬುದನ್ನು ಬ್ರೌನಿಂಗ್‌ನ ಜೀವನವನ್ನು ನೋಡುವವರು ಮರೆಯುವಂತಿಲ್ಲ.

ನಿಧನ

1926ರ ನವೆಂಬರ್ 26ರಂದು ಬೆಲ್ಜಿಯಂನ ಲಿಯೇಜ್ ಬಳಿಯ ಹರ್ಸ್ಟಾಲ್‌ನಲ್ಲಿ, ಎಫ್.ಎನ್. ಕಾರ್ಖಾನೆಯಲ್ಲಿ ಕೆಲಸದಲ್ಲಿ ತೊಡಗಿದ್ದಾಗ, ಬ್ರೌನಿಂಗ್ ಹೃದಯಾಘಾತದಿಂದ ತೀರಿಕೊಂಡ. ಮಗ ವ್ಯಾಲ್ ಬ್ರೌನಿಂಗ್ ಅಲ್ಲೇ ಕೆಲಸ ಮಾಡುತ್ತಿದ್ದ. ಆಗ ರೂಪುಗೊಳ್ಳುತ್ತಿದ್ದ ಪಿಸ್ತೂಲನ್ನು ಬೆಲ್ಜಿಯಂನ ದ್ಯೂದೊನ್ನೆ ಸೇವ್ ಪೂರ್ಣಗೊಳಿಸಿದ. ಅದು 1935ರಲ್ಲಿ ಹೈ-ಪವರ್ ಎಂಬ ಹೆಸರಿನಲ್ಲಿ ಬಂತು. ಬ್ರೌನಿಂಗ್‌ನ ಪಾರ್ಥಿವ ಶರೀರವನ್ನು ಆಗ್ಡೆನ್‌ಗೆ ತಂದು ಅಲ್ಲಿಯ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು.

ಬಳಸಿದ ರೈಫಲ್‌ಗಳು ಮತ್ತು ಎರಕದ ಗುಂಡುಗಳು

ಅಮೆರಿಕದಲ್ಲಿ ಬ್ರೌನಿಂಗ್ ವಿನ್ಯಾಸದ ಹಳೆಯ ಲಿವರ್ ರೈಫಲ್‌ಗಳ ಕೊಡುಕೊಳ್ಳುವಿಕೆ ಇಂದಿಗೂ ನಡೆದಿದೆ. 1964ರಲ್ಲಿ ಕಂಪನಿ ಖರ್ಚು ತಗ್ಗಿಸಲು 1894ನೆಯ ಮಾದರಿಯ ಕೆಲವು ಭಾಗಗಳ ತಯಾರಿಕಾ ವಿಧಾನವನ್ನು ಬದಲಿಸಿತು. ಆದ್ದರಿಂದ ಅದಕ್ಕೂ ಹಿಂದಿನ ರೈಫಲ್‌ಗಳಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ನಂತರದವು ಅಗ್ಗವಾಗಿ ಸಿಗುತ್ತವೆ. ಬಳಕೆಗಾಗಿ ಕೊಳ್ಳುವವರು ಹೊರಮೈಯ ಹೊಳಪಿಗಿಂತ ನಳಿಗೆಯ ಒಳಭಾಗ, ನಳಿಗೆಯ ಬಾಯಿಯ ಅಂಚು, ಸನ್ನೆಯ ಬಿಗಿ, ಅಗುಳಿ ಪೂರ್ತಿ ಮೇಲೇರುವುದು ಇವುಗಳನ್ನು ಪರೀಕ್ಷಿಸುತ್ತಾರೆ. ಮುಚ್ಚಿದ ಬಾಗಿಲಿಗೂ ತೋಟಾದ ತಳಕ್ಕೂ ನಡುವಿನ ಅಂತರ ಸವೆತದಿಂದ ಹೆಚ್ಚಿದ್ದರೆ ತೋಟಾ ಹರಿಯುವ ಅಪಾಯವಿರುವುದರಿಂದ, ಅದನ್ನು ಅಳತೆಗಾರಿಕೆಯ ಸಾಧನದಿಂದ ಕುಶಲಕರ್ಮಿಯೊಬ್ಬ ಅಳೆಯುವುದು ವಾಡಿಕೆ. ಕಪ್ಪು ಮದ್ದಿನ ಕಾಲದ ಮೆದು ಉಕ್ಕಿನ ನಳಿಗೆಗಳಲ್ಲಿ ಹೊಸ ಕಾಲದ ಬಲವಾದ ತೋಟಾಗಳನ್ನು ಬಳಸುವಂತಿಲ್ಲ.

ಎರಕದ ಗುಂಡಿನ ಯಶಸ್ಸು ಮುಖ್ಯವಾಗಿ ಅಳತೆಯನ್ನು ಅವಲಂಬಿಸಿದೆ. ಮೊದಲು ನಳಿಗೆಯಲ್ಲಿ ಉಳಿದಿರುವ ತಾಮ್ರದ ಲೇಪವನ್ನು ಪೂರ್ತಿ ತೆಗೆಯಲಾಗುತ್ತದೆ. ಸೀಸ ಅದಕ್ಕೆ ಬೇಗ ಅಂಟಿಕೊಳ್ಳುತ್ತದೆ. ಬಳಿಕ ಮೆದು ಸೀಸದ ತುಂಡೊಂದನ್ನು ಎಣ್ಣೆ ಸವರಿದ ಖಾಲಿ ನಳಿಗೆಯ ಮೂಲಕ ತಳ್ಳಿ, ಅದರ ಮೇಲೆ ಮೂಡಿದ ಅಚ್ಚಿನಿಂದ ಗೀರುಗಳ ವ್ಯಾಸವನ್ನು ಅಳೆಯುತ್ತಾರೆ. .30-30 ನಳಿಗೆಯಲ್ಲಿ ಇದು ಸಾಮಾನ್ಯವಾಗಿ .308 ಅಂಗುಲ, .32 ಸ್ಪೆಷಲ್‌ನಲ್ಲಿ .321 ಅಂಗುಲ. ಹಳೆಯ .38-55 ಮತ್ತು .44-40 ನಳಿಗೆಗಳ ಅಳತೆ ಒಂದರಂತೆ ಇನ್ನೊಂದಿರುವುದಿಲ್ಲ. ಗುಂಡು ಈ ವ್ಯಾಸಕ್ಕಿಂತ ಅಂಗುಲದ ಸಾವಿರದ ಒಂದು ಅಥವಾ ಎರಡು ಭಾಗದಷ್ಟು ದಪ್ಪವಿದ್ದರೆ ಅನಿಲ ಸೋರದಂತೆ ನಳಿಗೆಯನ್ನು ತುಂಬುತ್ತದೆ. ಸೀಸಕ್ಕೆ ತವರ ಮತ್ತು ಆಂಟಿಮನಿ ಬೆರೆಸಿ ಗಟ್ಟಿಗೊಳಿಸುವುದು, ಗುಂಡಿನ ತೋಡುಗಳಿಗೆ ಮೇಣದಂತಹ ಜಿಡ್ಡು ತುಂಬುವುದು, ವೇಗ ಹೆಚ್ಚಿದ್ದಲ್ಲಿ ಬುಡಕ್ಕೆ ಗ್ಯಾಸ್ ಚೆಕ್ ಎಂಬ ತಾಮ್ರದ ಪುಟ್ಟ ಬಟ್ಟಲನ್ನು ತೊಡಿಸುವುದು ಉಳಿದ ಕ್ರಮಗಳು.

ಕೊಳವೆಯಾಕಾರದ ಮ್ಯಾಗಝೀನ್‌ನಲ್ಲಿ ಒಂದು ತೋಟಾದ ಗುಂಡಿನ ಮೊನೆ ಮುಂದಿನ ತೋಟಾದ ಸಿಡಿಗುಂಡಿಗೆ ತಾಗಿ ನಿಲ್ಲುತ್ತದೆ. ಆದ್ದರಿಂದ ಇವಕ್ಕೆ ಚಪ್ಪಟೆ ಮೊನೆಯ ಅಚ್ಚುಗಳನ್ನೇ ಆರಿಸಬೇಕು. ಗುಂಡು ಒಳಕ್ಕೆ ಜಾರದಂತೆ ತೋಟಾದ ಬಾಯಿಯನ್ನು ಅದರ ತೋಡಿಗೆ ಮಡಿಸಿ ಬಿಗಿಯುವುದೂ ಅಗತ್ಯ. ಎರಕದ ಗುಂಡು ಕಾರ್ಖಾನೆಯ ಗುಂಡಿಗಿಂತ ನಿಧಾನವಾಗಿ ಸಾಗುವುದರಿಂದ ಹಿಂಬದಿಯ ಗುರಿಪಟ್ಟಿಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ. 1894ನೆಯ ಮಾದರಿಯ ಹಳೆಯ ರೈಫಲ್‌ಗಳು ಖಾಲಿ ತೋಟಾವನ್ನು ಮೇಲಕ್ಕೆ ಎಸೆಯುವುದರಿಂದ ಅವುಗಳ ನೆತ್ತಿಯ ಮೇಲೆ ದೂರದರ್ಶಕವನ್ನು ಕೂರಿಸುವುದು ಕಷ್ಟ. 1980ರ ದಶಕದಲ್ಲಿ ತೋಟಾ ಪಕ್ಕಕ್ಕೆ ಬೀಳುವಂತೆ ಬದಲಾವಣೆ ಮಾಡಲಾಯಿತು. ಸೀಸದ ಧೂಳು ಮತ್ತು ಹೊಗೆ ವಿಷಕಾರಿಯಾದ್ದರಿಂದ ಎರಕದ ಕೆಲಸಕ್ಕೆ ಗಾಳಿಯಾಡುವ ಸ್ಥಳ ಬೇಕು, ಕೆಲಸದ ಬಳಿಕ ಕೈ ತೊಳೆಯುವುದು ಕಡ್ಡಾಯ.

ಪರಂಪರೆ

ಆಗ್ಡೆನ್‌ನ ಹಳೆಯ ಯೂನಿಯನ್ ರೈಲುನಿಲ್ದಾಣದಲ್ಲಿ ಬ್ರೌನಿಂಗ್ ಹೆಸರಿನ ವಸ್ತುಸಂಗ್ರಹಾಲಯವಿದೆ. 1886, 1892 ಮತ್ತು 1894ರ ಮಾದರಿಗಳ ಪ್ರತಿಕೃತಿಗಳನ್ನು ಅಮೆರಿಕದ ಹೊರಗೂ ಹಲವು ತಯಾರಕರು ಹೊರತಂದಿದ್ದಾರೆ. ಬ್ರೌನಿಂಗ್‌ನ ಕಾರ್ಯಾಗಾರಕ್ಕೆ ದುರಸ್ತಿಗೆ ಬರುತ್ತಿದ್ದ ಬಂದೂಕುಗಳಂತೆಯೇ, ಆತ ರೂಪಿಸಿದ ರೈಫಲ್‌ಗಳೂ ಒಬ್ಬರಿಂದ ಇನ್ನೊಬ್ಬರಿಗೆ ಹಸ್ತಾಂತರಗೊಳ್ಳುತ್ತ ಬಂದಿವೆ. ಶತಮಾನ ಕಳೆದ ಮೇಲೂ ಇವುಗಳಲ್ಲಿ ಹಲವನ್ನು ಬಿಚ್ಚಿ, ಸವೆದ ಭಾಗವನ್ನು ಬದಲಿಸಿ, ಅವುಗಳ ಮೊದಲ ಒಡೆಯರು ಬಳಸುತ್ತಿದ್ದ ಸೀಸದ ಗುಂಡುಗಳಿಂದಲೇ ನಡೆಸಬಹುದಾಗಿದೆ.